ಹೊರನೋಟದ ರೆಂಡರ್‌ನಲ್ಲಿ ಹೆಂಚಿನ ಮಾಡು ಎದ್ದು ಕಾಣಬೇಕೆಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿ, ಮಲೆನಾಡು, ಕೊಡಗಿನ ಕಡೆಯ ಮನೆಗಳಿಗೆ 3ಡಿ ಎಲಿವೇಶನ್ ಮಾಡುವವರಿಗಾಗಿ, ಆರ್ಕಿಟೆಕ್ಚರ್ ಓದುತ್ತಿರುವವರಿಗಾಗಿ ಈ ಪುಟ. ಮನೆ ಕಟ್ಟಿಸುತ್ತಿರುವವರು ಓದಿದರೂ ಒಳ್ಳೆಯದೇ, ತಮ್ಮ ಕೈಗೆ ಬಂದ ಚಿತ್ರದಲ್ಲಿ ಏನನ್ನು ನೋಡಬೇಕೆಂದು ಗೊತ್ತಾಗುತ್ತದೆ. ಹೆಚ್ಚಿನ ಪ್ರಶ್ನೆಗಳು ಮಂಗಳೂರು ಹೆಂಚಿನ ಮಾಡಿಗೆ ಸಂಬಂಧಿಸಿದವು. ರೆಂಡರ್ ಎಂದರೆ ಕಂಪ್ಯೂಟರಿನಲ್ಲಿ ಕಟ್ಟಿದ 3ಡಿ ಮಾಡೆಲ್‌ನಿಂದ ತೆಗೆದ ಚಿತ್ರ. ಸಾಫ್ಟ್‌ವೇರ್ ಯಾವುದಾದರೂ ಇರಲಿ, ಇಲ್ಲಿರುವ ಮಾತು ಬಹುಪಾಲು ಅನ್ವಯಿಸುತ್ತದೆ.

ಗೋಡೆ, ಕಿಟಕಿ, ಗಿಡ ಎಲ್ಲ ಚೆನ್ನಾಗಿ ಬರುತ್ತವೆ. ಮಾಡು ಮಾತ್ರ ಕೆಂಪು ಕಾಗದ ಅಂಟಿಸಿದ ಹಾಗೆ ಕಾಣುತ್ತದೆ. ಯಾಕೆ?

ಮಾಡಿನ ಅಂಚುಗಳನ್ನು ಯಾರೂ ಕಟ್ಟಿಲ್ಲ, ಅದಕ್ಕೆ. ಇಂಥ ಸಮಸ್ಯೆ ಬಂದಾಗ ಬಹುತೇಕರು ಇನ್ನೂ ದೊಡ್ಡ, ಇನ್ನೂ ಸ್ಪಷ್ಟ ಟೆಕ್ಸ್‌ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಹುಡುಕಲು ಹೊರಡುತ್ತಾರೆ. ಆದರೆ ನೋಡುವವರ ಕಣ್ಣು ಹೆಂಚಿನ ಮಾಡನ್ನು ಗುರುತಿಸುವುದು ನಾಲ್ಕು ಜಾಗಗಳಲ್ಲಿ: ಕೆಳಗಿನ ಸೂರು, ಮೇಲಿನ ನೆತ್ತಿ, ಪಕ್ಕದ ತ್ರಿಕೋನ ಗೋಡೆಯ ಅಂಚು, ಎರಡು ಇಳಿಜಾರು ಕೂಡುವ ಮೂಲೆ. ನಿಜವಾದ ಸೂರು ಗೆರೆ ಎಳೆದಂತೆ ನೇರವಾಗಿರುವುದಿಲ್ಲ. ಹೆಂಚಿನ ಏರು-ತಗ್ಗು ಅಲ್ಲಿ ಅಲೆಅಲೆಯಾಗಿ ಕೊನೆಯಾಗುತ್ತದೆ, ಅದರ ಕೆಳಗೆ ಕಪ್ಪು ನೆರಳಿನ ಪಟ್ಟಿ, ನೆರಳಿನೊಳಗೆ ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರದ) ತುದಿಗಳು. ಸಮತಟ್ಟಾದ ಮೇಲ್ಮೈಗೆ ಎಷ್ಟೇ ಒಳ್ಳೆಯ ಚಿತ್ರ ಹಚ್ಚಿದರೂ ಅದರ ಅಂಚು ಚಾಕುವಿನಲ್ಲಿ ಕೊಯ್ದಂತೆಯೇ ಉಳಿಯುತ್ತದೆ. ಸಮಯ ಕಡಿಮೆ ಇದ್ದರೆ ನಡುವಿನ ಮೇಲ್ಮೈಯನ್ನು ಹಾಗೆಯೇ ಬಿಡಿ, ಇರುವ ಸಮಯವನ್ನೆಲ್ಲ ಅಂಚುಗಳಿಗೆ ಕೊಡಿ. ಈ ಪುಟದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹಾಗಾದರೆ ಪ್ರತಿ ಹೆಂಚನ್ನೂ ಮಾಡೆಲ್ ಮಾಡಬೇಕೇ? ಫೈಲ್ ಭಾರವಾಗುವುದಿಲ್ಲವೇ?

ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. 200 ಚದರ ಮೀಟರಿನ ಇಳಿಜಾರು ಎಂದರೆ 3000 ಹೆಂಚು. ಒಂದೊಂದಕ್ಕೆ 2000 ಪಾಲಿಗನ್ (ಮಾಡೆಲ್ ಕಟ್ಟುವ ಸಣ್ಣ ಮುಖಗಳು) ಇದ್ದರೆ ಒಟ್ಟು 60 ಲಕ್ಷ. ಇಷ್ಟನ್ನೂ ಬಿಡಿಬಿಡಿಯಾಗಿ ನಕಲು ಮಾಡಿದರೆ ಕಂಪ್ಯೂಟರ್ ಒದ್ದಾಡುವುದು ನಿಜ. ಇನ್‌ಸ್ಟೆನ್ಸ್ ಆಗಿ ಇಟ್ಟರೆ ಮೆಮರಿಯಲ್ಲಿ ಕೂರುವುದು ಒಂದೇ ಹೆಂಚು, ಉಳಿದದ್ದೆಲ್ಲ ಅದರ ಸ್ಥಾನದ ಲೆಕ್ಕ ಮಾತ್ರ. 3ಡಿಎಸ್ ಮ್ಯಾಕ್ಸ್‌ನಲ್ಲಿ ರೈಲ್‌ಕ್ಲೋನ್, ಬ್ಲೆಂಡರ್‌ನಲ್ಲಿ ಜಿಯೊಮೆಟ್ರಿ ನೋಡ್ಸ್, ವಿ-ರೇಯಲ್ಲಿ ಪ್ರಾಕ್ಸಿ, ಸ್ಕೆಚ್‌ಅಪ್‌ನಲ್ಲಿ ಕಾಂಪೊನೆಂಟ್ ಈ ಕೆಲಸವನ್ನು ಮಾಡಿಕೊಡುತ್ತವೆ.

ಇಷ್ಟೂ ಸಾಧ್ಯವಾಗದ ಕಂಪ್ಯೂಟರಿನಲ್ಲಿ ಮಧ್ಯದ ದಾರಿಯೊಂದಿದೆ. ಸೂರಿನ ಮೊದಲ ಎರಡು ಸಾಲು, ತ್ರಿಕೋನ ಗೋಡೆಯ ಅಂಚಿನ ಒಂದು ಸಾಲು, ನೆತ್ತಿಯ ಹೆಂಚು ಇವನ್ನು ಮಾತ್ರ ನಿಜವಾದ ಮಾಡೆಲ್ ಆಗಿ ಇಡಿ. ನಡುವಿನ ಜಾಗಕ್ಕೆ ಡಿಸ್‌ಪ್ಲೇಸ್‌ಮೆಂಟ್ ಇಲ್ಲವೇ ನಾರ್ಮಲ್ ಮ್ಯಾಪ್ (ಸಮತಟ್ಟಾದ ಮೇಲ್ಮೈಗೆ ಏರುತಗ್ಗಿನ ನೋಟ ಕೊಡುವ ಚಿತ್ರ) ಸಾಕು. ಎರಡರ ಬಣ್ಣ ಹೊಂದಿದ್ದರೆ ಕೂಡಿದ ಜಾಗ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಡ್ರೋನ್ ನೋಟಕ್ಕೆ ಈ ದಾರಿ ನಡೆಯದು, ಅಲ್ಲಿ ಇಡೀ ಇಳಿಜಾರೇ ಚಿತ್ರದ ಮುಖ.

ಹೆಂಚಿನ ಸರಿಯಾದ ಅಳತೆ ಯಾವುದು?

ಮಂಗಳೂರು ಮಾದರಿಯ ಹೆಂಚಿಗೆ ಭಾರತೀಯ ಮಾನಕವೇ ಇದೆ, ಐಎಸ್ 654. ಅದರಲ್ಲಿರುವ ಒಂದು ಅಳತೆ 410 × 235 ಮಿಲಿಮೀಟರ್. ಇದಕ್ಕಿಂತ ತುಸು ದೊಡ್ಡವೂ ಇವೆ. ಆದರೆ ರೆಂಡರ್ ಮಾಡುವವರಿಗೆ ಬೇಕಾದದ್ದು ಹೆಂಚಿನ ಪೂರ್ತಿ ಅಳತೆಗಿಂತ ಹೊರಗೆ ಕಾಣುವ ಭಾಗದ ಅಳತೆ. ಒಂದರ ಮೇಲೊಂದು ಕೂತ ಮೇಲೆ ಇಳಿಜಾರಿನ ಉದ್ದಕ್ಕೆ ಸುಮಾರು 32 ಸೆಂಟಿಮೀಟರ್, ಅಡ್ಡಕ್ಕೆ ಸುಮಾರು 21 ಸೆಂಟಿಮೀಟರ್ ಕಾಣುತ್ತದೆ. ಸೂರಿನಿಂದ ನೆತ್ತಿಗೆ ಇಳಿಜಾರಿನ ಉದ್ದ 4.8 ಮೀಟರ್ ಇದ್ದರೆ 15 ಸಾಲು ಬರಬೇಕು. ನಿಮ್ಮ ಚಿತ್ರದಲ್ಲಿ 8 ಸಾಲು ಬಂದಿದ್ದರೆ ಮನೆ ಗೊಂಬೆಮನೆಯಾಗಿ ಕಾಣುತ್ತದೆ, 40 ಬಂದಿದ್ದರೆ ಕಾರ್ಖಾನೆಯ ಶೆಡ್ಡಿನಷ್ಟು ದೊಡ್ಡದಾಗಿ ಕಾಣುತ್ತದೆ. ನೋಡುವವರು ಸಾಲು ಎಣಿಸುವುದಿಲ್ಲ ನಿಜ. ಆದರೆ ಹೆಂಚಿನ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಏನೋ ಸರಿಯಿಲ್ಲವೆಂದು ತಕ್ಷಣ ತಿಳಿಯುತ್ತದೆ.

ಅಂತರ್ಜಾಲದಲ್ಲಿ ಸಿಗುವ ಬಹುಪಾಲು ಹೆಂಚಿನ ಟೆಕ್ಸ್‌ಚರ್‌ಗಳು ಯುರೋಪಿನ ಅರ್ಧಗೊಳವೆಯ ಹೆಂಚಿನವು, ಇಲ್ಲವೇ ಇಟ್ಟಿಗೆ ಗೋಡೆಯಂತೆ ಸಾಲುಸಾಲಿಗೆ ಅರ್ಧ ಸರಿಸಿ ಹೊದಿಸಿದವು. ನಮ್ಮ ಕಡೆ ಸಾಮಾನ್ಯವಾಗಿ ಹೆಂಚುಗಳು ನೆತ್ತಿಯಿಂದ ಸೂರಿನವರೆಗೆ ಒಂದೇ ನೇರಕ್ಕೆ ಇಳಿಯುತ್ತವೆ, ಮಳೆನೀರಿನ ತೋಡುಗಳು ಉದ್ದಕ್ಕೂ ಕಾಣುತ್ತವೆ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಹೆಂಚು ಪಶ್ಚಿಮ ಕರಾವಳಿಯ ಮುಖವನ್ನೇ ಬದಲಿಸಿತು. ಆ ಮುಖ ಚಿತ್ರದಲ್ಲಿ ಬರಬೇಕಾದರೆ ಹೆಂಚೂ ಅದೇ ಆಗಿರಬೇಕು. ಸಾಧ್ಯವಾದರೆ ಒಂದು ಹೆಂಚನ್ನು ಮೇಜಿನ ಮೇಲಿಟ್ಟುಕೊಂಡು ನೀವೇ ಮಾಡೆಲ್ ಮಾಡಿ. ಒಂದು ದಿನದ ಕೆಲಸ, ಮುಂದೆ ಎಷ್ಟೋ ಮನೆಗೆ ಆಗುತ್ತದೆ.

ಸೂರನ್ನು ಹೇಗೆ ಕಟ್ಟಬೇಕು?

ಬಡಗಿ ಯಾವ ಕ್ರಮದಲ್ಲಿ ಕಟ್ಟುತ್ತಾನೋ ಅದೇ ಕ್ರಮದಲ್ಲಿ. ಗೋಡೆಯ ಮೇಲಿನ ತೊಲೆ, ತೊಲೆಯ ಮೇಲಿಂದ ಹೊರಗೆ ಚಾಚುವ ಪಕ್ಕಾಸು, ಪಕ್ಕಾಸಿಗೆ ಅಡ್ಡವಾಗಿ ರೀಪು ಎಂಬ ತೆಳು ಮರದ ಪಟ್ಟಿ, ರೀಪಿಗೆ ಕೊಕ್ಕೆ ಹಾಕಿಕೊಂಡು ಕೂರುವ ಹೆಂಚು. ಪಕ್ಕಾಸುಗಳ ನಡುವೆ ಸುಮಾರು 45ರಿಂದ 60 ಸೆಂಟಿಮೀಟರ್ ಅಂತರವಿಡಿ. ರೀಪಿನ ಅಂತರ ಹೆಂಚಿನ ಸಾಲಿನದೇ, ಅಂದರೆ 32 ಸೆಂಟಿಮೀಟರ್. ಅಳತೆಗಳು ಮರಕ್ಕೂ ಮನೆಗೂ ತಕ್ಕಂತೆ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಪ್ರತಿ ಹೆಂಚೂ ತನ್ನ ಕೆಳಗಿನ ಹೆಂಚಿನ ಬೆನ್ನ ಮೇಲೆ ಒರಗಿರುತ್ತದೆ. ಕೊನೆಯ ಸಾಲಿಗೆ ಒರಗಲು ಏನೂ ಇಲ್ಲದ ಕಾರಣ ಸೂರಿನ ರೀಪನ್ನು ಇನ್ನೊಂದು ಪಟ್ಟಿ ಕೊಟ್ಟು ಎತ್ತರಿಸುತ್ತಾರೆ. ಮಾಡೆಲ್‌ನಲ್ಲಿ ಇದನ್ನು ಬಿಟ್ಟರೆ ಕೊನೆಯ ಸಾಲು ತಲೆ ತಗ್ಗಿಸಿದಂತೆ ಕಾಣುತ್ತದೆ. ಆ ಸಾಲು ಸೂರಿನ ಅಂಚಿನ ಹಲಗೆಯಿಂದ ಹೊರಗೆ ಸುಮಾರು 5–7 ಸೆಂಟಿಮೀಟರ್ ಚಾಚಿರಲಿ. ಚಾಚಿದ ಆ ತುದಿಯ ನೆರಳೇ ಹಲಗೆಯ ಮೇಲೆ ಬಿದ್ದು ಸೂರಿಗೆ ದಪ್ಪ ಕೊಡುತ್ತದೆ.

ಇನ್ನು ದಂಬೆ, ಅಂದರೆ ಸೂರಿನ ನೀರನ್ನು ಹಿಡಿದು ಸಾಗಿಸುವ ತೋಡು. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಲ್ಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಚಿತ್ರವೂ ಹೇಳಬೇಕು. ದಂಬೆ ಇದ್ದರೆ ಅದರ ಕೊಕ್ಕೆಗಳನ್ನೂ ಇಳಿಯುವ ಪೈಪನ್ನೂ ತೋರಿಸಿ. ಇಲ್ಲದಿದ್ದರೆ ಸೂರಿನ ನೇರ ಕೆಳಗೆ ಅಂಗಳದಲ್ಲಿ ಕಲ್ಲಿನ ಪಟ್ಟಿ ಇಲ್ಲವೇ ಜಲ್ಲಿಯ ಗೆರೆ ಬರಲಿ.

ಸೂರಿನ ಅಡಿಭಾಗ ರೆಂಡರ್‌ನಲ್ಲಿ ಮಸಿಯಾಗುತ್ತದೆ ಎಂದು ಬಹಳ ಜನ ದೂರುತ್ತಾರೆ. ನಿಜವಾದ ಮನೆಯಲ್ಲಿ ಅಂಗಳದಿಂದ ಪುಟಿದ ಬೆಳಕು ಪಕ್ಕಾಸುಗಳ ಹೊಟ್ಟೆಗೆ ಬೀಳುತ್ತದೆ. ನಿಮ್ಮ ಅಂಗಳ ಕಡುಹಸಿರು ಹುಲ್ಲಾಗಿದ್ದರೆ ಆ ಬೆಳಕು ಕಡಿಮೆ, ಮೇಲಾಗಿ ಹಸಿರು. ಜಗಲಿಯ ಮುಂದೆ ಒಂದಿಷ್ಟು ಜಾಗಕ್ಕೆ ಮಾಸಲು ಸಿಮೆಂಟಿನ ಇಲ್ಲವೇ ಜಂಬಿಟ್ಟಿಗೆಯ ಹಾಸು ಕೊಟ್ಟು ನೋಡಿ, ಸುಳ್ಳು ದೀಪ ಇಡದೆಯೇ ಸೂರಿನ ಒಳಭಾಗ ಬೆಳಗುತ್ತದೆ. ಮನೆಗೆ ಸೀಲಿಂಗ್ ಹೆಂಚು ಹಾಕುವ ಯೋಜನೆಯಿದ್ದರೆ ಅದರ ವಿನ್ಯಾಸವೂ ಇಲ್ಲಿ ಕಾಣುತ್ತದೆ, ಮರೆಯಬೇಡಿ.

ಮೂಲೆಗಳಲ್ಲಿ ಹೆಂಚಿನ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಏನು ಮಾಡಲಿ?

ನಾಲ್ಕೂ ಕಡೆ ಇಳಿಜಾರಿರುವ ಮಾಡಿನಲ್ಲಿ ಎಲ್ಲ ಇಳಿಜಾರಿನ ಕೋನ ಒಂದೇ ಆಗಿದ್ದು, ಸೂರಿನ ಎತ್ತರವೂ ಒಂದೇ ಆಗಿದ್ದರೆ ಅಕ್ಕಪಕ್ಕದ ಮುಖಗಳ ಅಡ್ಡಸಾಲುಗಳು ಮೂಲೆಯಲ್ಲಿ ಒಂದೇ ಎತ್ತರದಲ್ಲಿ ಭೇಟಿಯಾಗಲೇಬೇಕು. ಆದ್ದರಿಂದ ಟೆಕ್ಸ್‌ಚರಿನ ಆರಂಭವನ್ನು ಪ್ರತಿ ಮುಖದಲ್ಲೂ ಸೂರಿನಿಂದಲೇ ಹಿಡಿಯಿರಿ. ನೆತ್ತಿಯಿಂದ ಹಿಡಿದರೆ ಲೆಕ್ಕ ತಪ್ಪುತ್ತದೆ. ಸಾಲುಗಳು ಆಯಾ ಮುಖದ ಸೂರಿಗೆ ಸಮಾನಾಂತರವಾಗಿರಬೇಕು. ಇಡೀ ಮಾಡಿಗೆ ಒಂದೇ ದಿಕ್ಕಿನಲ್ಲಿ ಮ್ಯಾಪ್ ಹಚ್ಚಿದರೆ ಎರಡು ಮುಖಗಳಲ್ಲಿ ತೋಡುಗಳು ಅಡ್ಡಡ್ಡ ಮಲಗುತ್ತವೆ.

ಮೂಲೆಯಲ್ಲಿ ಓರೆಯಾಗಿ ಕತ್ತರಿಸಿದ ಹೆಂಚುಗಳನ್ನು ನೆತ್ತಿಯ ಹೆಂಚಿನ ಸಾಲು ಮುಚ್ಚಿಕೊಳ್ಳುತ್ತದೆ, ಅದನ್ನು ಗಾರೆಯಲ್ಲಿ ಕೂರಿಸಿರುತ್ತಾರೆ. ಆ ಗಾರೆಯ ಗೆರೆಯನ್ನು ಬಿಡಬೇಡಿ, ಕಾವಿ ಬಣ್ಣ ಬೆರೆಸಿದ್ದರೂ ಹೆಂಚಿಗಿಂತ ಅದು ಬೇರೆಯಾಗಿಯೇ ಕಾಣುತ್ತದೆ. ಒಳಮೂಲೆಯಲ್ಲಿ, ಅಂದರೆ ಎರಡು ಇಳಿಜಾರಿನ ನೀರು ಕೂಡುವಲ್ಲಿ, ಹೆಂಚುಗಳ ನಡುವೆ ತಗಡಿನ ತೋಡು ಇರುತ್ತದೆ. ಅಂಗೈಯಗಲದ ಆ ಕಪ್ಪು ಸೀಳು ಬಂದರೆ ಮಾಡಿನ ಆಕಾರ ದೂರದಿಂದಲೂ ಬಿಡಿಬಿಡಿಯಾಗಿ ತಿಳಿಯುತ್ತದೆ.

ಬೆಳಕು ಯಾವ ಕಡೆಯಿಂದ ಬರಬೇಕು?

ಹೆಂಚಿನ ಏರುತಗ್ಗು ಕಾಣುವುದು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋದಾಗ. ನೇರವಾಗಿ ಮೇಲೆ ಬಿದ್ದರೆ ನೆರಳೇ ಹುಟ್ಟುವುದಿಲ್ಲ. ನೆತ್ತಿಯ ಹಿಂದಿನಿಂದ ಸೂರಿನ ಕಡೆಗೆ ಬೆಳಕು ಹರಿದರೆ ಪ್ರತಿ ಸಾಲಿನ ತುಟಿಯೂ ಕೆಳಗಿನ ಸಾಲಿನ ಮೇಲೆ ನೆರಳು ಹಾಕುತ್ತದೆ, ಅಡ್ಡಗೆರೆಗಳು ಮೂಡುತ್ತವೆ. ನೆತ್ತಿಗೆ ಸಮಾನಾಂತರವಾಗಿ ಪಕ್ಕದಿಂದ ಬಂದರೆ ತೋಡುಗಳು, ಅಂದರೆ ಉದ್ದಗೆರೆಗಳು ಮೂಡುತ್ತವೆ. ಎರಡೂ ಬೇಕೆಂದರೆ ಇವೆರಡರ ನಡುವಿನ ಓರೆ ದಿಕ್ಕು. ಸೂರಿನ ಕಡೆಯಿಂದ ಮೇಲಕ್ಕೆ, ಅಂದರೆ ಕ್ಯಾಮೆರಾದ ಬೆನ್ನಹಿಂದಿನಿಂದ ಬರುವ ಬೆಳಕು ಮಾಡಿನ ಮಟ್ಟಿಗೆ ಅತ್ಯಂತ ಕೆಟ್ಟದ್ದು. ದುರದೃಷ್ಟಕ್ಕೆ ಗೋಡೆ ಚೆನ್ನಾಗಿ ಬೆಳಗಲೆಂದು ಎಲ್ಲರೂ ಮೊದಲು ಇಡುವುದು ಅದನ್ನೇ.

ಒಂದು ಲೆಕ್ಕ ನೋಡೋಣ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು, ಅಲ್ಲಿ ಅದು ಗಡಿಯಾರದಲ್ಲಿ ಹನ್ನೆರಡೂವರೆಯ ಆಸುಪಾಸು, ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾಡಿನ ಇಳಿಜಾರು 30 ಡಿಗ್ರಿ ಎಂದಿಟ್ಟುಕೊಳ್ಳಿ. ದಕ್ಷಿಣದ ಇಳಿಜಾರಿನ ಮೇಲೆ ಬೆಳಕು 84 ಡಿಗ್ರಿಯಲ್ಲಿ, ಬಹುತೇಕ ಲಂಬವಾಗಿ ಬೀಳುತ್ತದೆ, ಹೆಂಚೆಲ್ಲ ಚಪ್ಪಟೆ. ಅದೇ ಹೊತ್ತಿನಲ್ಲಿ ಉತ್ತರದ ಇಳಿಜಾರನ್ನು 24 ಡಿಗ್ರಿಯಲ್ಲಿ ಸವರುತ್ತದೆ. ಒಂದೊಂದು ಸಾಲೂ ಎಣಿಸುವಷ್ಟು ಸ್ಪಷ್ಟ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಮನೆಗೆ ಡಿಸೆಂಬರಿನ ಬಿಸಿಲು ಒಳ್ಳೆಯ ಆಯ್ಕೆ. ಆಗ ಮುಂದಿನ ಗೋಡೆ ನೆರಳಿನಲ್ಲಿರುತ್ತದೆ ಎಂಬುದು ನಿಜ, ಅದನ್ನು ಆಕಾಶದ ಬೆಳಕು ನೋಡಿಕೊಳ್ಳುತ್ತದೆ. ಪಶ್ಚಿಮಕ್ಕೆ ಮುಖವಿರುವ ಮನೆಗೆ ಬೆಳಗಿನ ಹತ್ತು ಗಂಟೆ, ಪೂರ್ವಕ್ಕೆ ಮುಖವಿದ್ದರೆ ಮಧ್ಯಾಹ್ನ ಮೂರರ ಹೊತ್ತು ಮಾಡಿಗೆ ಅನುಕೂಲ.

ಇದಕ್ಕೆಲ್ಲ ಮೊದಲು ಸಾಫ್ಟ್‌ವೇರಿನಲ್ಲಿ ಊರನ್ನೂ ಉತ್ತರ ದಿಕ್ಕನ್ನೂ ಸರಿಯಾಗಿ ಕೊಟ್ಟಿರಬೇಕು. ಡೀಫಾಲ್ಟ್ ಊರು ನಮ್ಮದಾಗಿರುವುದಿಲ್ಲ. ಉತ್ತರದ ಕಡೆಯಿಂದ ಎಂದೂ ಬಾರದ ಡಿಸೆಂಬರ್ ಬಿಸಿಲನ್ನು ಚಿತ್ರದಲ್ಲಿ ತೋರಿಸಿ, ಆ ಬಿಸಿಲನ್ನು ನಂಬಿ ಮನೆಯವರು ಜಗಲಿಯ ಅಗಲ ನಿರ್ಧರಿಸುವ ಹಾಗಾಗಬಾರದು.

ನೆರಳು ಮೃದುವಾಗಿದ್ದರೆ ಚೆಂದ ಅಂತಾರಲ್ಲ?

ಸೂರಿನ ನೆರಳಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಸೂರಿನ ಅಲೆಗಳು ಗೋಡೆಯ ಮೇಲೆ ನೆರಳಾಗಿಯೂ ಅಲೆಯಾಗಿಯೇ ಬೀಳುತ್ತವೆ. ನೋಡುವವರಿಗೆ ಹೆಂಚು ಎರಡು ಸಲ ಸಿಕ್ಕಂತೆ ಅದು. ನಿಜವಾದ ಸೂರ್ಯನ ಅಗಲ ಅರ್ಧ ಡಿಗ್ರಿಯಷ್ಟೇ ಆದ್ದರಿಂದ ಒಂದು ಮೀಟರ್ ದೂರದ ಗೋಡೆಯಲ್ಲಿ ನೆರಳಿನ ಅಂಚು ಒಂದು ಸೆಂಟಿಮೀಟರಿನಷ್ಟು ಮಾತ್ರ ಮಸುಕಾಗುತ್ತದೆ, ಅಲೆ ಉಳಿಯುತ್ತದೆ. ಸೂರ್ಯನ ಗಾತ್ರವನ್ನು ಎಂಟುಪಟ್ಟು ಮಾಡಿದರೆ ಮಸುಕು ಏಳು ಸೆಂಟಿಮೀಟರ್ ದಾಟುತ್ತದೆ, ಅಲೆ ಅಳಿಸಿಹೋಗಿ ಬರಿಯ ಬೂದು ಪಟ್ಟಿ ಉಳಿಯುತ್ತದೆ. ಒಂದು, ಹೆಚ್ಚೆಂದರೆ ಎರಡಕ್ಕೆ ನಿಲ್ಲಿಸಿ.

ಕ್ಯಾಮೆರಾ ಎಲ್ಲಿಡಬೇಕು? ಮನುಷ್ಯನ ಕಣ್ಣಿನ ಎತ್ತರದಿಂದ ಮಾಡು ಕಾಣುವುದೇ ಇಲ್ಲ.

ಎತ್ತರ ಹೆಚ್ಚಿಸುವ ಮೊದಲು ಹಿಂದೆ ಸರಿದು ನೋಡಿ. ಎರಡಂತಸ್ತಿನ ಮನೆಯ ಸೂರು 6 ಮೀಟರ್ ಎತ್ತರದಲ್ಲಿದೆ, ನಿಮ್ಮ ಕಣ್ಣು 1.6 ಮೀಟರಿನಲ್ಲಿದೆ, ಇಳಿಜಾರು 30 ಡಿಗ್ರಿ. ಸೂರಿನಿಂದ 7.6 ಮೀಟರಿಗಿಂತ ಹತ್ತಿರ ನಿಂತರೆ ಇಳಿಜಾರು ಒಂದಿಷ್ಟೂ ಕಾಣುವುದಿಲ್ಲ, ಸೂರಿನ ಅಡಿಭಾಗ ಮಾತ್ರ. 12 ಮೀಟರಿನಲ್ಲಿ ಸೂರಿನ ಹತ್ತಿರದ ಹೆಂಚನ್ನು ನೀವು ನೋಡುವ ಕೋನ 10 ಡಿಗ್ರಿ. 25 ಮೀಟರಿಗೆ ಹೋದರೆ ಅದು 20 ಡಿಗ್ರಿ, ಅಂದರೆ ಹೆಂಚಿನ ಸಾಲು ಮನೆಯ ಉಳಿದ ಭಾಗಕ್ಕೆ ಹೋಲಿಸಿದರೆ ಎರಡು ಪಟ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ಹಿಂದೆ ಸರಿದು 35ರಿಂದ 50 ಎಂಎಂ ಲೆನ್ಸ್ ಹಾಕಿ. ಹತ್ತಿರ ನಿಂತು 18 ಎಂಎಂ ಹಾಕಿದರೆ ಸೂರು ಮುಂದಕ್ಕೆ ನುಗ್ಗಿ ಮಾಡನ್ನು ನುಂಗುತ್ತದೆ. ಎದುರಿನ ಕಾಂಪೌಂಡು ಅಡ್ಡ ಬಂದರೆ ರೆಂಡರ್‌ನಲ್ಲಿ ಅದನ್ನು ಮರೆಮಾಡಬಹುದು, ಕ್ಲಿಪ್ಪಿಂಗ್ ಇರುವುದೇ ಅದಕ್ಕೆ.

ಮಲೆನಾಡಿನ ಜಾಗಗಳಲ್ಲಿ ಇನ್ನೊಂದು ಅನುಕೂಲವಿದೆ. ರಸ್ತೆ ಎಷ್ಟೋ ಕಡೆ ಮನೆಗಿಂತ ಎತ್ತರದಲ್ಲಿರುತ್ತದೆ, ಮನೆಗೆ ಬರುವವರು ಮೊದಲು ಕಾಣುವುದು ಮಾಡನ್ನೇ. ಸೈಟಿನ ಮಟ್ಟಗಳನ್ನು ಸರಿಯಾಗಿ ಹಾಕಿ ಆ ರಸ್ತೆಯಲ್ಲಿ ಕ್ಯಾಮೆರಾ ನಿಲ್ಲಿಸಿದರೆ ಸಾಕು, ಡ್ರೋನ್ ಬೇಕಿಲ್ಲ.

ಬಣ್ಣ, ಮೆಟೀರಿಯಲ್‌ಗೆ ಯಾವ ಸೆಟ್ಟಿಂಗ್?

ಸುಟ್ಟ ಮಣ್ಣು ಹೊಳೆಯುವುದಿಲ್ಲ. ರಫ್‌ನೆಸ್ (ಹೆಚ್ಚಿದಷ್ಟೂ ಹೊಳಪು ಕಡಿಮೆ) 0.75ರಿಂದ 0.9ರ ನಡುವೆ ಇರಲಿ. ಕೆಂಪನ್ನು ತೀರ ಗಾಢ ಮಾಡಬೇಡಿ. ಬಿಸಿಲಿನ ರೆಂಡರ್‌ನಲ್ಲಿ ಗಾಢ ಕೆಂಪು ಬೇಗ ತುಂಬಿಹೋಗಿ ಒಳಗಿನ ಗೆರೆಗಳನ್ನೆಲ್ಲ ನುಂಗುತ್ತದೆ. ಇಟ್ಟಿಗೆಯ ಕೆಂಪಿಗೆ ತುಸು ಕಂದು ಬೆರೆಸಿ. ಭಟ್ಟಿಯಲ್ಲಿ ಬೆಂಕಿ ತಾಗಿದಂತೆ ಹೆಂಚಿನ ಬಣ್ಣ ಬದಲಾಗುತ್ತದೆ, ಹಾಗಾಗಿ ಮೂರು ನಾಲ್ಕು ಛಾಯೆ ಮಾಡಿಕೊಂಡು ಇನ್‌ಸ್ಟೆನ್ಸ್‌ಗಳಿಗೆ ಚದುರಿಸಿ ಹಂಚಿ. ವ್ಯತ್ಯಾಸ ಸಣ್ಣದಿರಲಿ. ಪ್ರತಿ ಹೆಂಚನ್ನೂ ಅರ್ಧ ಡಿಗ್ರಿ ತಿರುಗಿಸಿ ಎರಡು ಮೂರು ಮಿಲಿಮೀಟರ್ ಎತ್ತಿದರೆ ಜೀವ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಸೋರುವ ಮಾಡಿನಂತೆ ಕಾಣುತ್ತದೆ.

ಹಳೆಯ ಹೆಂಚಿನ ನೋಟ ಬೇಕೆಂದು ಕೇಳುತ್ತಾರೆ. ಪಾಚಿ ಎಲ್ಲಿ ಹಾಕಲಿ?

ನೀರು ನಿಧಾನವಾಗಿ ಆರುವ ಜಾಗದಲ್ಲಿ. ಮರದ ನೆರಳು ಬೀಳುವ ಭಾಗ, ಉತ್ತರದ ಇಳಿಜಾರು, ಒಳಮೂಲೆಯ ಅಕ್ಕಪಕ್ಕ, ಸಾಲುಗಳು ಒಂದರ ಮೇಲೊಂದು ಕೂತ ಸಂದು. ತೋಡಿನ ತಳ ಕಪ್ಪಾಗುತ್ತದೆ, ಏರು ಕೆಂಪಾಗಿಯೇ ಉಳಿಯುತ್ತದೆ. ಇಡೀ ಮಾಡಿಗೆ ಒಂದೇ ಸಮ ಕೊಳೆ ಹಚ್ಚಿದರೆ ಅದು ಬಣ್ಣ ಬದಲಿಸಿದಂತಷ್ಟೇ. ಹಳೆ ಮನೆಗಳಲ್ಲಿ ಅಲ್ಲಲ್ಲಿ ಒಡೆದ ಹೆಂಚು ತೆಗೆದು ಹೊಸದು ಹಾಕಿರುತ್ತಾರೆ, ಬೆಳಕಿಗೆಂದು ಗಾಜಿನ ಹೆಂಚು ಕೂರಿಸಿರುತ್ತಾರೆ. ಇಂಥ ನಾಲ್ಕೈದು ಹೆಂಚು ಪಾಚಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಇನ್ನೂ ಕಟ್ಟದ ಹೊಸ ಮನೆಗೆ ಮಾತ್ರ ಪಾಚಿ ಬೇಡ.

ರೆಂಡರ್ ಚಿಕ್ಕದು ಮಾಡಿದಾಗ ಮಾಡಿನ ಮೇಲೆ ಸುರುಳಿ ಸುರುಳಿ ಗೆರೆ ಬರುತ್ತದೆ.

ಹೆಂಚಿನ ಸಾಲಿಗೆ ಸಿಗುವ ಪಿಕ್ಸೆಲ್ ಸಾಲದಾದಾಗ ಹೀಗಾಗುತ್ತದೆ. ಮೇಲಿನ ಲೆಕ್ಕದ ಮನೆಯನ್ನೇ 25 ಮೀಟರಿನಿಂದ 35 ಎಂಎಂ ಲೆನ್ಸಿನಲ್ಲಿ ನೋಡಿ: 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಸೂರಿನ ಒಂದು ಸಾಲಿಗೆ ಸಿಗುವುದು ಎಂಟೇ ಪಿಕ್ಸೆಲ್. ಅದರೊಳಗೆ ತುಟಿಯ ನೆರಳು ಒಂದು ಪಿಕ್ಸೆಲ್ಲೂ ಇಲ್ಲ. 3840ಕ್ಕೆ ಮಾಡಿದರೆ ಹದಿನಾರಾಗುತ್ತದೆ. ಅಂತಿಮ ಚಿತ್ರವನ್ನು ದೊಡ್ಡದಾಗಿಯೇ ರೆಂಡರ್ ಮಾಡಿ, ಆಮೇಲೆ ಫೋಟೊಶಾಪ್‌ನಲ್ಲಿ ಇಳಿಸಿ. ಆಂಟಿ-ಏಲಿಯಾಸಿಂಗ್ ಫಿಲ್ಟರ್ (ಅಂಚಿನ ಮೆಟ್ಟಿಲುಗಳನ್ನು ನಯಗೊಳಿಸುವಂಥದ್ದು) ತೀರ ಚೂಪಾಗಿರಬಾರದು, ಇಳಿಸಿದ ಮೇಲೆ ಹಾಕುವ ಶಾರ್ಪನ್ ಮಾಡಿಗೆ ತಾಗದಂತೆ ಮಾಸ್ಕ್ ಮಾಡಿ.

ಮಳೆಗಾಲದ ನೋಟ ತೋರಿಸಬಹುದೇ?

ಖಂಡಿತ ತೋರಿಸಿ. ನಮ್ಮ ಮನೆಗಳ ಮಾಡು ಇರುವುದೇ ಮಳೆಗಾಗಿ, ಆದರೂ ರೆಂಡರ್‌ಗಳಲ್ಲಿ ವರ್ಷವಿಡೀ ಬಿಸಿಲು. ಮೋಡದ ಬೆಳಕಿನಲ್ಲಿ ನೆರಳು ಇರುವುದಿಲ್ಲವಾದ್ದರಿಂದ ಹೆಂಚು ಚಪ್ಪಟೆಯಾಗುವ ಭಯವಿದೆ. ಅಲ್ಲಿ ನೆರಳಿನ ಜಾಗಕ್ಕೆ ಬರುವುದು ಹೊಳಪು. ಒದ್ದೆ ಹೆಂಚಿನ ಬಣ್ಣ ಗಾಢವಾಗುತ್ತದೆ, ರಫ್‌ನೆಸ್ 0.25ರ ಸುತ್ತ ಇಳಿಯುತ್ತದೆ. ಇದನ್ನು ಎಲ್ಲೆಡೆ ಸಮನಾಗಿ ಇಳಿಸದೆ ತೋಡುಗಳಲ್ಲಿ ಹೆಚ್ಚು, ಏರಿನಲ್ಲಿ ಕಡಿಮೆ ಇಳಿಸಿ. ಬಿಳಿ ಆಕಾಶ ತೋಡುಗಳಲ್ಲಿ ಪ್ರತಿಫಲಿಸಿ ಇಡೀ ಇಳಿಜಾರಿನ ಮೇಲೆ ಬೆಳ್ಳಿಗೆರೆಗಳು ಮೂಡುತ್ತವೆ. ಸೂರಿನಿಂದ ಇಳಿಯುವ ನೀರಿನ ಎಳೆಗಳು ಪ್ರತಿ ತೋಡಿನ ತುದಿಯಿಂದಲೇ ಹೊರಡಬೇಕು, ಅಂದರೆ ಹೆಂಚಿನ ಅಗಲಕ್ಕೆ ತಕ್ಕ ಅಂತರದಲ್ಲಿ.

ಸಂಜೆಯ ನೋಟದಲ್ಲಿ ಮಾಡು ಕತ್ತಲಲ್ಲಿ ಕರಗಿಹೋಗುತ್ತದೆ.

ಪೂರ್ತಿ ರಾತ್ರಿ ಮಾಡಬೇಡಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಆಕಾಶ ಮಾಡಿಗಿಂತ ಒಂದು ಹಂತ ಬೆಳಗಿರುತ್ತದೆ, ನೆತ್ತಿಯ ಗೆರೆ ಅದರ ಮೇಲೆ ಅಚ್ಚೊತ್ತುತ್ತದೆ. ಜಗಲಿಯ ದೀಪ ಪಕ್ಕಾಸುಗಳ ಅಡಿಗೆ ಬೀಳಲಿ, ಆಗ ಸೂರಿನ ಅಲೆ ಬೆಳಕಿನ ಎದುರು ಕಪ್ಪಾಗಿ ಕಾಣುತ್ತದೆ. ಒಳಗೆ ದೀಪವಿದ್ದರೆ ಗಾಜಿನ ಹೆಂಚುಗಳೂ ಬೆಳಗುತ್ತವೆ.

ಹಿನ್ನೆಲೆಯಲ್ಲಿ ಏನಿರಬೇಕು?

ಕೆಂಪು ಮಾಡಿಗೆ ಕಡುಹಸಿರು ಅಡಿಕೆ ತೋಟ ಬಹಳ ಒಳ್ಳೆಯ ಜೊತೆ. ಆದರೆ ಬಣ್ಣ ಬೇರೆಯಾದ ಮಾತ್ರಕ್ಕೆ ಸಾಲದು. ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ: ಮಾಡು ಮತ್ತು ಮರಗಳು ಒಂದೇ ಬೂದು ಆಗಿದ್ದರೆ ನೆತ್ತಿ ಕಾಣೆಯಾಗಿದೆ ಎಂದೇ ಅರ್ಥ. ಆಗ ಹಿಂದಿನ ಮರಗಳಿಗೆ ತೆಳು ಮಂಜು ಕೊಡಿ, ಇಲ್ಲವೇ ನೆತ್ತಿ ಇರುವ ಜಾಗದಲ್ಲಿ ಆಕಾಶ ಬರುವಂತೆ ಮರ ಸರಿಸಿ.

ನಮ್ಮದು ಆರ್‌ಸಿಸಿ ಇಳಿಜಾರು, ಅದರ ಮೇಲೆ ಹೆಂಚು ಹೊದಿಸುತ್ತೇವೆ. ಅದಕ್ಕೂ ಪಕ್ಕಾಸು ತೋರಿಸಬಹುದೇ?

ಕಟ್ಟದ್ದನ್ನು ತೋರಿಸಬೇಡಿ. ಸ್ಲ್ಯಾಬಿನ ಮೇಲೆ ಹೆಂಚು ಹೊದಿಸಿದಾಗ ಸೂರಿನಲ್ಲಿ ನಾಲ್ಕೈದು ಇಂಚಿನ ಕಾಂಕ್ರೀಟಿನ ಅಂಚು ಕಾಣುತ್ತದೆ, ಅಡಿಭಾಗ ಗಿಲಾವಿನ ನುಣುಪು. ಅದಕ್ಕೂ ಅದರದೇ ಅಂದವಿದೆ. ಸ್ಲ್ಯಾಬಿನ ಅಂಚಿಗೂ ಹೆಂಚಿಗೂ ನಡುವೆ ಒಂದು ನೆರಳಿನ ಗೆರೆ ಬಿಡಿ, ಅಡಿಯಲ್ಲಿ ನೀರು ಒಳಗೆ ಹರಿಯದಂತೆ ತಡೆಯುವ ಸಣ್ಣ ತೋಡು ಕೊರೆಯಿರಿ, ಅಂಚಿಗೆ ಗೋಡೆಯದಲ್ಲದ ಬಣ್ಣ ಕೊಡಿ. ಇನ್ನು ಕೆಲವರು ಇಳಿಜಾರನ್ನು 10–15 ಡಿಗ್ರಿಗೆ ಇಳಿಸಿ ಮೇಲೆ ಹೆಂಚು ಹಾಕಿದ ಚಿತ್ರ ಕೊಡುತ್ತಾರೆ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಬಿಡಿ ಹೆಂಚು ಮಳೆ ತಡೆಯುವುದಿಲ್ಲ. ಕರಾವಳಿಯ ಮಾಡುಗಳು 30 ಡಿಗ್ರಿಯ ಆಸುಪಾಸು ಇಲ್ಲವೇ ಅದಕ್ಕೂ ಕಡಿದಾಗಿ ಇರುವುದಕ್ಕೆ ಇದೇ ಕಾರಣ, ಮತ್ತು ಕಡಿದಾದಷ್ಟೂ ಚಿತ್ರದಲ್ಲಿ ಹೆಂಚು ಹೆಚ್ಚು ಕಾಣುತ್ತದೆ.

ಬೆಂಗಳೂರಿನ ಹಳೆ ಬಂಗಲೆಗಳ ಮಂಕಿ ಟಾಪ್ ತರಿಸುವುದು ಹೇಗೆ?

ಕಿಟಕಿ ಮತ್ತು ಮುಖಮಂಟಪದ ಮೇಲೆ ಮುಂದಕ್ಕೆ ಚಾಚಿದ ಚೂಪು ತಲೆಯ ಮರದ ಮುಚ್ಚಿಗೆ ಅದು. ಬಸವನಗುಡಿ, ಮಲ್ಲೇಶ್ವರ, ರಿಚ್ಮಂಡ್ ಟೌನ್ ಕಡೆ ಕೆಲವಾದರೂ ಉಳಿದಿವೆ. ಅದರ ಜೀವ ಇರುವುದು ಉದ್ದುದ್ದ ಮರದ ಪಟ್ಟಿಗಳ ನಡುವಿನ ಸಂದುಗಳಲ್ಲಿ. ಅಪಾಸಿಟಿ ಮ್ಯಾಪ್ (ಸಂದುಗಳನ್ನು ಪಾರದರ್ಶಕವಾಗಿಸುವ ಚಿತ್ರ) ಹಾಕಿ ಮುಗಿಸಬೇಡಿ. ಪಟ್ಟಿಗೆ ದಪ್ಪವಿಲ್ಲದಿದ್ದರೆ ಸಂದಿಗೆ ಆಳ ಬರುವುದಿಲ್ಲ. ಪಟ್ಟಿಗಳ ಕೆಳತುದಿಯ ಕೆತ್ತನೆಯ ಆಕಾರವನ್ನು ಫೋಟೊದಿಂದ ಗೆರೆ ಎಳೆದು ಎಕ್ಸ್‌ಟ್ರೂಡ್ ಮಾಡಿ, ಅಂದರೆ ದಪ್ಪ ಕೊಡಿ.

ತಾರಸಿ ಮನೆಗೆ ಏನಿದೆ ತೋರಿಸಲು?

ಪ್ಯಾರಪೆಟ್ಟಿನ ತಲೆ. ಸುಮಾರು ಒಂದು ಮೀಟರ್ ಎತ್ತರದ ಆ ಗೋಡೆಯ ಮೇಲೆ ಎರಡು ಸೆಂಟಿಮೀಟರ್ ಹೊರಚಾಚಿದ ಕಲ್ಲು ಇಟ್ಟರೆ ಅದರ ನೆರಳೇ ಮನೆಯ ಮೇಲಿನ ಗೆರೆಯಾಗುತ್ತದೆ. ಸಜ್ಜಾ, ಮೆಟ್ಟಿಲಿನ ಕೋಣೆ, ಪೆರ್ಗೊಲಾ ಇವುಗಳ ಎತ್ತರಗಳು ಬೇರೆಬೇರೆ ಇರಲಿ.

ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರ್ ತೆಗೆದುಬಿಡಿ ಎನ್ನುತ್ತಾರೆ.

ಅವು ಮನೆಯ ಮೇಲೆ ಬಂದೇ ಬರುತ್ತವೆ. ಚಿತ್ರದಲ್ಲಿ ಮುಚ್ಚಿಟ್ಟರೆ ಕೊನೆಗೆ ಮುಂದಿನ ಇಳಿಜಾರಿನ ನಡುಮಧ್ಯೆ ಬಂದು ಕೂರುತ್ತವೆ. ಈಗಲೇ ಮಾಡೆಲ್‌ನಲ್ಲಿ ಇಟ್ಟು, ರಸ್ತೆಗೆ ಕಾಣದ ಜಾಗ ಹುಡುಕಿ, ಆ ಜಾಗವನ್ನು ನಕ್ಷೆಯಲ್ಲೂ ಗುರುತಿಸಿ ಕೊಡಿ.

ಫೋಟೊಶಾಪ್‌ನಲ್ಲಿ ಎಷ್ಟು ತಿದ್ದಬಹುದು?

ರೆಂಡರ್ ಮಾಡುವಾಗಲೇ ಮಾಡಿಗೆ ಬೇರೆ ಮಾಸ್ಕ್ ಪಡೆಯಿರಿ, ಕ್ರಿಪ್ಟೊಮ್ಯಾಟ್ (ವಸ್ತುವಾರು ಮಾಸ್ಕ್ ಕೊಡುವ ಸೌಲಭ್ಯ) ಇದ್ದರೆ ಸುಲಭ. ಮಾಡಿಗೆ ಮಾತ್ರ ಕರ್ವ್ಸ್ ಹಾಕಿ ಕಾಂಟ್ರಾಸ್ಟ್ ತುಸು ಏರಿಸಿ. ಆಂಬಿಯೆಂಟ್ ಅಕ್ಲೂಶನ್ ಪಾಸನ್ನು (ಸಂದುಗಳ ನೆರಳನ್ನಷ್ಟೇ ತೋರಿಸುವ ಚಿತ್ರವನ್ನು) ಮಲ್ಟಿಪ್ಲೈಯಲ್ಲಿ 20–30 ಶೇಕಡಾ ಸೇರಿಸಿದರೆ ಸಂದುಗಳು ಗಟ್ಟಿಯಾಗುತ್ತವೆ. ನೆತ್ತಿಯ ಬಿಸಿಲು ಬೀಳುವ ಬದಿಗೆ ಸಣ್ಣ ಬ್ರಶ್‌ನಲ್ಲಿ ಡಾಡ್ಜ್, ಅಂದರೆ ತುಸು ಬೆಳಗಿಸುವುದು. ಇಷ್ಟೇ. ಮಾಡೆಲ್‌ನಲ್ಲಿ ಇಲ್ಲದ ಅಂಚನ್ನು ಇಲ್ಲಿ ಬರೆಯಲು ಹೋದರೆ ಮುಂದಿನ ಕ್ಯಾಮೆರಾ ಕೋನಕ್ಕೆ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ.

ಎಐ ಟೂಲ್‌ಗೆ ಕೊಟ್ಟರೆ ಹೆಂಚು ಚೆನ್ನಾಗಿ ಮಾಡಿಕೊಡುತ್ತದಲ್ಲ?

ಗಿಡ, ಆಕಾಶ, ಅಂಗಳಕ್ಕೆ ಬಳಸಿ. ಮಾಡಿನ ಮೇಲೆ ಬಿಟ್ಟರೆ ಸಾಲುಗಳ ಲೆಕ್ಕ ಬದಲಾಗುತ್ತದೆ, ಮಂಗಳೂರು ಹೆಂಚು ಸ್ಪೇನಿನ ಹೆಂಚಾಗುತ್ತದೆ, ಒಳಮೂಲೆಯಲ್ಲಿ ನೀರು ಹರಿಯಲಾಗದ ಆಕಾರಗಳು ಹುಟ್ಟುತ್ತವೆ. ದೂರದಿಂದ ಚೆಂದವೇ ಕಾಣುತ್ತದೆ, ಆದರೆ ಅದೇ ಚಿತ್ರವನ್ನು ಬಡಗಿಗೆ ತೋರಿಸಿ ಕೆಲಸ ಮಾಡಿಸುವ ಮನೆಯವರಿದ್ದಾರೆ. ಎಐ ಬಳಸಿದ ಮೇಲೆ ಮೂಲ ರೆಂಡರಿನ ಮಾಡನ್ನು ಮಾಸ್ಕ್ ಹಾಕಿ ಮತ್ತೆ ಮೇಲೆ ಕೂರಿಸಿ.

ನೋಡಿ ಕಲಿಯಲು ಎಲ್ಲಿಗೆ ಹೋಗಬೇಕು?

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ಬೇರೆಬೇರೆ ಬಗೆಯ ಸೂರು ಒಂದೇ ಅಂಗಳದಲ್ಲಿ ಸಿಗುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಮಾಡುಗಳ ಅಂತಸ್ತುಗಳ ನಡುವಿನ ನೆರಳನ್ನು ಗಮನಿಸಿ, ಅಷ್ಟು ದೊಡ್ಡ ಆಕಾರ ದೂರದಿಂದ ಬಿಡಿಬಿಡಿಯಾಗಿ ಓದಿಸಿಕೊಳ್ಳುವುದು ಆ ನೆರಳಿನಿಂದ. ಇವಕ್ಕೆಲ್ಲ ಸಮಯವಿಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಾದರೂ ಮಾಡು ಬಿಚ್ಚಿ ಹೆಂಚು ಹೊದಿಸುವ ಕೆಲಸ ನಡೆಯುತ್ತಿದ್ದರೆ ಅಲ್ಲಿ ಅರ್ಧ ದಿನ ನಿಲ್ಲಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಅಂಥ ಮನೆ ಸಿಗುವುದು ಕಷ್ಟವಲ್ಲ. ಸೂರಿನ ಫೋಟೊ ಕೆಳಗಿನಿಂದಲೂ ಪಕ್ಕದಿಂದಲೂ ತೆಗೆದುಕೊಳ್ಳಿ, ಜೊತೆಗೆ ಟೇಪು ಹಿಡಿದು ಪಕ್ಕಾಸಿನ ಅಗಲ, ರೀಪಿನ ಅಂತರ, ಹೆಂಚು ಹೊರಚಾಚಿದ ಉದ್ದ ಬರೆದುಕೊಳ್ಳಿ. ಕೆಲಸದವರನ್ನು ಕೇಳಿದರೆ ಒಡೆದ ಹೆಂಚೊಂದನ್ನು ಕೊಡುತ್ತಾರೆ, ಅದರ ಅಡ್ಡಕೊಯ್ತ ನೋಡಿಕೊಂಡೇ ಮಾಡೆಲ್ ಶುರುಮಾಡಬಹುದು.